ಕುಂಕುಮದ ಬೊಟ್ಟು, ಗುಂಡುಪಿನ್ನು

ನಾನು ಚಿಕ್ಕವಳಿದ್ದಾಗ ಯಾದಗಿರಿಯ ನಮ್ಮ ಮನೆಯ ರೇಡಿಯೋದ ಗಾಜಿನ ಮೇಲೆ ಒಂದು ಕುಂಕುಮದ ಬೊಟ್ಟಿತ್ತು. ಅದು ಪೂಜೆಗೆ ಇಟ್ಟದ್ದಲ್ಲ. ನಮ್ಮವ್ವನಿಗೆ ಓದು ಬರುತ್ತಿರಲಿಲ್ಲ. ಗಾಜಿನೊಳಗಿನ ಇಂಗ್ಲಿಷ್ ಅಂಕಿಗಳು ಅವಳಿಗೆ ಇರುವೆ ಸಾಲಿನಂತೆ ಕಾಣುತ್ತಿದ್ದವು. ಗುಲಬರ್ಗಾ ಆಕಾಶವಾಣಿ ಸಿಗುವ ಜಾಗದಲ್ಲಿ ಅಪ್ಪ ಮುಳ್ಳು ನಿಲ್ಲಿಸಿದ ಒಂದು ದಿನ, ಅವಳು ಹಣೆಗೆ ಹಚ್ಚಿಕೊಳ್ಳುವ ಮೇಣವನ್ನೇ ಗಾಜಿಗೆ ಒತ್ತಿ, ಮೇಲೆ ಕುಂಕುಮ ಇಟ್ಟುಬಿಟ್ಟಳು. ಅಂದಿನಿಂದ ಮುಳ್ಳನ್ನು ಬೊಟ್ಟಿನ ಕೆಳಗೆ ತಂದರೆ ಸಾಕು, ನಮ್ಮ ಸೀಮೆಯ ಮಾತು ಮನೆಯೊಳಗೆ ಬರುತ್ತಿತ್ತು. ಅಪ್ಪ ಅಡತಿ ಅಂಗಡಿಗೆ ಹೋದ ಮೇಲೆ ರೇಡಿಯೋ ಅವಳ ರಾಜ್ಯ.

ಒಮ್ಮೆ ಅದು ಕೆಟ್ಟಿತು. ಒಳಗೆ ಮುಳ್ಳನ್ನು ಎಳೆಯುವ ದಾರ ಹರಿದಿತ್ತು. ಸ್ಟೇಷನ್ ರಸ್ತೆಯ ರಿಪೇರಿಯವನು ಹೊಸ ದಾರ ಹಾಕಿ, ಧೂಳು ಕೊಡವಿ, ಗಾಜು ಒರೆಸಿ ತಂದುಕೊಟ್ಟ.

"ಅಣ್ಣಾ, ನನ್ನ ಬೊಟ್ಟು ಎಲ್ಲಿ ಹೋತು?" ಎಂದಳು ಅವ್ವ.

"ಗಾಜು ಹೊಲಸಾಗಿತ್ತರಿ ಅಕ್ಕಾರ, ಒರಸೀನಿ. ಅಂಗಡ್ಯಾಗಿಂದ ಈಗ ತಂದಂಗ ಆಗ್ಯಾದ ನೋಡ್ರಿ."

ಅವನು ಹೆಮ್ಮೆಯಿಂದ ಹೇಳಿದ. ಅವ್ವ ಎರಡು ದಿನ ಅವನನ್ನು ಬೈದಳು. ಹಳೆಯ ಜಾಗದಲ್ಲೇ ಬೊಟ್ಟಿಟ್ಟರೂ ಉಪಯೋಗವಿರಲಿಲ್ಲ. ಹೊಸ ದಾರಕ್ಕೆ ಮುಳ್ಳು ಒಂದು ಕಾಳಿನಷ್ಟು ಆಚೆ ಸರಿದಿತ್ತು. ಅಪ್ಪ ಮತ್ತೆ ಸ್ಟೇಷನ್ ಹುಡುಕಿಕೊಡುವ ಭಾನುವಾರದ ತನಕ ನಮ್ಮ ರೇಡಿಯೋ ಹೊಸದಾಗಿಯೇ ಇತ್ತು, ಸುಮ್ಮನೇ ಇತ್ತು.

ಈ ಸಂಗತಿಯನ್ನು ನಾನು ಮರೆತೇಬಿಟ್ಟಿದ್ದೆ. ನೆನಪಾದದ್ದು 2022ರಲ್ಲಿ, ನಮ್ಮ ಶಾಲೆಯ ಮಾಳಿಗೆಯ ಮೇಲೆ, ಕೈಯಲ್ಲಿ ಗುಂಡುಪಿನ್ನು ಹಿಡಿದುಕೊಂಡು ನಿಂತಾಗ. ಅಲ್ಲಿಗೆ ಬರುವ ಮೊದಲು ನಡುವಿನ ಒಂದೆರಡು ಪೆಟ್ಟಿಗೆಗಳ ಕಥೆ ಹೇಳಬೇಕು. ಇತಿಹಾಸ ಕಲಿಸುವವಳ ಚಟ ಇದು, ಓದುವ ಅಕ್ಕತಂಗಿಯರು ಸಹಿಸಿಕೊಳ್ಳಬೇಕು.

ತಂತಿಯಿಲ್ಲದೆ ಮಾತು ಬರುವ ಪೆಟ್ಟಿಗೆ ನಮ್ಮ ಕಡೆಗೆ ಹೈದರಾಬಾದಿನಿಂದ ಬಂತು. ನಾವು ಆಗ ನಿಜಾಮರ ರಾಜ್ಯದವರು. ಅವರದೇ ಆದ ಡೆಕ್ಕನ್ ರೇಡಿಯೋ 1930ರ ದಶಕದಲ್ಲೇ ಇತ್ತು. ಪೊಲೀಸ್ ಕಾರ್ಯಾಚರಣೆಯ ಕೊನೆಗೆ, 1948ರ ಸೆಪ್ಟೆಂಬರ್ 17ರಂದು, ಕದನ ನಿಲ್ಲಿಸಿದ ಸುದ್ದಿ ಹೊರಟದ್ದೂ ಅದೇ ರೇಡಿಯೋದಿಂದ. ನಮ್ಮಜ್ಜಿಯ ಓಣಿಯಲ್ಲಿ ರೇಡಿಯೋ ಇದ್ದದ್ದು ಒಬ್ಬ ಸಾಹುಕಾರರ ಮನೆಯಲ್ಲಿ ಮಾತ್ರ. ಹೆಂಗಸರು ಒಳಗೆ ಹೋಗುವಂತಿರಲಿಲ್ಲ. ಕಿಟಕಿಯ ಹೊರಗೆ ನಿಂತಿದ್ದ ಅಜ್ಜಿಗೆ ಉರ್ದು ಪೂರ್ತಿ ತಿಳಿಯಲಿಲ್ಲವಂತೆ; ಒಳಗಿದ್ದ ಗಂಡಸರ ಮುಖ ನೋಡಿ ಸುದ್ದಿ ತಿಳಿದುಕೊಂಡಳಂತೆ. 1950ರಲ್ಲಿ ಆ ಕೇಂದ್ರ ಆಕಾಶವಾಣಿಗೆ ಸೇರಿತು. ಅದೇ ವರ್ಷ ಧಾರವಾಡದ ಕೇಂದ್ರ ಆರಂಭವಾಯಿತಾದರೂ ಗುಲಬರ್ಗಾದಿಂದಲೇ ಕನ್ನಡ ಕೇಳಲು ನಮ್ಮವರು 1966ರ ತನಕ ಕಾಯಬೇಕಾಯಿತು. ಅವ್ವನ ಬೊಟ್ಟಿನ ಬೆಲೆ ತಿಳಿಯಬೇಕಾದರೆ ಈ ಕಾಯುವಿಕೆಯನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಆ ಕಾಲಕ್ಕೆ ರೇಡಿಯೋ ಇಟ್ಟುಕೊಳ್ಳಲು ಲೈಸೆನ್ಸ್ ಬೇಕಿತ್ತು. 1933ರ ವೈರ್‌ಲೆಸ್ ಕಾಯ್ದೆಯ ಪ್ರಕಾರ ಪರವಾನಗಿ ಇಲ್ಲದೆ ಇಂಥ ಯಂತ್ರ ಇಟ್ಟುಕೊಳ್ಳುವುದು ಅಪರಾಧ. ಅಪ್ಪ ವರ್ಷಕ್ಕೊಮ್ಮೆ ಅಂಚೆ ಕಚೇರಿಗೆ ಹೋಗಿ ಒಂದು ಸಣ್ಣ ಪುಸ್ತಕಕ್ಕೆ ಟಿಕೀಟು ಅಂಟಿಸಿ ಮುದ್ರೆ ಹೊಡೆಸಿಕೊಂಡು ಬರುತ್ತಿದ್ದರು. 1980ರ ದಶಕದ ನಡುವಿನ ಹೊತ್ತಿಗೆ ಆ ಪದ್ಧತಿ ಹೋಯಿತು. ಈಗ ಮನೆ ಮನೆಯಲ್ಲಿರುವ ವೈಫೈ ಪೆಟ್ಟಿಗೆಯೂ ಒಂದು ರೇಡಿಯೋನೇ. ಕೇಳುವುದಷ್ಟೇ ಅಲ್ಲ, ತಾನೂ ಮಾತಾಡುವ ರೇಡಿಯೋ. ಅದಕ್ಕೆ ಲೈಸೆನ್ಸ್ ಬೇಡವಾದದ್ದು 2005ರಲ್ಲಿ, 2.4 ಗಿಗಾಹರ್ಟ್ಸ್ ಎಂಬ ಅಲೆಪಟ್ಟಿಯನ್ನು ಸರ್ಕಾರ ಎಲ್ಲರಿಗೂ ಬಿಟ್ಟುಕೊಟ್ಟಾಗ. 5 ಗಿಗಾಹರ್ಟ್ಸಿನ ಪಟ್ಟಿ ಇನ್ನಷ್ಟು ಅಗಲವಾಗಿ ತೆರೆದದ್ದು 2018ರಲ್ಲಿ. ಅಪ್ಪ ಇದ್ದಿದ್ದರೆ ಇದಕ್ಕೂ ಟಿಕೀಟು ಅಂಟಿಸಲು ಹೋಗುತ್ತಿದ್ದರೋ ಏನೋ.

ಎರಡನೆಯ ಪೆಟ್ಟಿಗೆಯ ಕಥೆ ಅಷ್ಟು ಹಗುರವಾಗಿ ಹೇಳುವಂಥದಲ್ಲ.

ಬಿ.ಎ., ಬಿ.ಎಡ್. ಮುಗಿಸಿ ನಾನು ಮೊದಲು ಕೆಲಸಕ್ಕೆ ಸೇರಿದ್ದು ಸುರಪುರ ತಾಲೂಕಿನ ಒಂದು ಹಳ್ಳಿಯಲ್ಲಿ. 1994ರ ದೂರಸಂಪರ್ಕ ನೀತಿ ಮೂರು ವರ್ಷದಲ್ಲಿ ಎಲ್ಲ ಹಳ್ಳಿಗೂ ಫೋನು ಎಂದು ಮಾತು ಕೊಟ್ಟಿತ್ತು. ಆದರೆ ನಮ್ಮ ಸೀಮೆಯಲ್ಲಿ ಕಂಬ ನೆಟ್ಟು ತಂತಿ ಎಳೆಯುವುದೆಂದರೆ ಸುಲಭವೇ? ಸುರಪುರದ ಸುತ್ತ ಬರೀ ಬಂಡೆಗುಡ್ಡ. ಹಾಗಾಗಿ ದೇಶದ ಬಹಳಷ್ಟು ಹಳ್ಳಿಗಳಂತೆ ಆ ಊರಿಗೂ ಬಂದದ್ದು ರೇಡಿಯೋ ಫೋನು. ಅದರ ಹೆಸರು ಮಾರ್. ದೊಡ್ಡ ಊರಿನ ಎಕ್ಸ್‌ಚೇಂಜಿನಲ್ಲಿ ಒಂದು ಎತ್ತರದ ಕಂಬ, ಹಳ್ಳಿಯಲ್ಲಿ ಮೀನಿನ ಎಲುಬಿನಂಥ ಆಂಟೆನಾ, ಗೋಡೆಗೆ ಒಂದು ಪೆಟ್ಟಿಗೆ, ಕೆಳಗೆ ಬ್ಯಾಟರಿ, ಮಾಳಿಗೆಯ ಮೇಲೆ ಬಿಸಿಲಿನ ಫಲಕ. ಸುಮಾರು ಹದಿನೈದು ಹಳ್ಳಿಯ ಫೋನುಗಳಿಗೆ ಎರಡೇ ದಾರಿ. ಎರಡು ಊರಿನವರು ಮಾತಾಡುತ್ತಿದ್ದರೆ ಉಳಿದ ಹದಿಮೂರು ಊರಿನವರು ಕಾಯಬೇಕು. ಮೋಡ ಕವಿದರೆ ಬ್ಯಾಟರಿ ಇಳಿಯುತ್ತಿತ್ತು. ಪೆಟ್ಟಿಗೆ ಕೆಟ್ಟರೆ ತಿಂಗಳುಗಟ್ಟಲೆ ಹಾಗೇ.

ನಮ್ಮೂರಿನ ಪೆಟ್ಟಿಗೆ ಒಂದು ಕಿರಾಣಿ ಅಂಗಡಿಯಲ್ಲಿತ್ತು. ಅದನ್ನು ನೋಡಿಕೊಳ್ಳಲು ಬರುತ್ತಿದ್ದ ಲೈನ್‌ಮನ್ ವಯಸ್ಸಾದವರು, ಸೈಕಲ್ಲಿನ ಮೇಲೆ ಬರುವರು. ಪೆಟ್ಟಿಗೆ ತೆರೆದಾಗೆಲ್ಲ ಮುಚ್ಚಳದ ಒಳಮೈಯಲ್ಲಿ ಪೆನ್ಸಿಲಿನಿಂದ ತಾರೀಖು, ಮಾಡಿದ ಕೆಲಸ, ಆಂಟೆನಾ ಯಾವ ಕಡೆ ಮುಖ ಮಾಡಿರಬೇಕು ಎಂಬುದನ್ನೆಲ್ಲ ಬರೆದಿಡುವರು. "ಇದ್ಯಾಕ್ರಿ ಕಾಕಾ, ನಿಮಗ ನೆನಪಿರಂಗಿಲ್ಲೇನು?" ಎಂದು ಒಮ್ಮೆ ಕೇಳಿದೆ. "ನನಗ ನೆನಪ ಅದ ಟೀಚರ್ರಿ. ನಾ ಇಲ್ಲದಾಗ ಬರಾವಗ ಇರಬೇಕಲ್ಲ" ಎಂದರು. ಅವರು ನಿವೃತ್ತರಾದ ಮೇಲೆ ಬಂದವರು ಕೆಟ್ಟ ಪೆಟ್ಟಿಗೆಯ ಬದಲು ಬೇರೆ ಪೆಟ್ಟಿಗೆ ಕೂಡಿಸಿ, ಹಳೆಯದನ್ನು ಮುಚ್ಚಳ ಸಮೇತ ಒಯ್ದರು. ಹೊಸ ಪೆಟ್ಟಿಗೆಯ ಮುಚ್ಚಳ ಸ್ವಚ್ಛವಾಗಿತ್ತು.

1997ರ ಮಳೆಗಾಲದಲ್ಲಿ ಯಾದಗಿರಿಯಲ್ಲಿ ಅವ್ವನಿಗೆ ಲಕ್ವ ಹೊಡೆಯಿತು. ನನ್ನ ತಮ್ಮ ಎಸ್‌ಟಿಡಿ ಬೂತಿನಿಂದ ಅಂದು ಸಂಜೆಯಿಂದ ರಾತ್ರಿಯ ತನಕ ಆ ಅಂಗಡಿಗೆ ಫೋನು ಹಚ್ಚಿದ. ನಾಲ್ಕು ದಿನದಿಂದ ಬಿಸಿಲಿರಲಿಲ್ಲ, ಪೆಟ್ಟಿಗೆ ಸತ್ತುಬಿದ್ದಿತ್ತು. ಮರುದಿನ ಮಧ್ಯಾಹ್ನ ಬಸ್ಸಿನ ಕಂಡಕ್ಟರ್ ಒಂದು ಚೀಟಿ ತಂದುಕೊಟ್ಟ. ಸುರಪುರಕ್ಕೆ ಬಂದು, ಶಹಾಪುರ ದಾಟಿ, ಭೀಮೆಯ ಸೇತುವೆ ಹಾಯ್ದು ಮನೆ ಮುಟ್ಟುವಾಗ ದೀಪ ಹಚ್ಚುವ ಹೊತ್ತು. ಅವ್ವ ಬದುಕಿದ್ದಳು, ಮಾತು ಹೋಗಿತ್ತು. ಹಿಂದಿನ ರಾತ್ರಿ ಮಾತಿತ್ತಂತೆ, ನನ್ನನ್ನು ಕೇಳುತ್ತಿದ್ದಳಂತೆ. ಏನು ಕೇಳಿದಳು ಎಂದು ತಮ್ಮನನ್ನು ನಾನು ಬಹಳ ಸಲ ವಿಚಾರಿಸಿದ್ದೇನೆ. "ಬಂದಳೇನು ಅಂತ ಕೇಳಿದಳು, ಅಷ್ಟ" ಎನ್ನುತ್ತಾನೆ.

ಮಾರ್ ಫೋನುಗಳ ಸೋಲು ನಮ್ಮೂರಿನದಷ್ಟೇ ಆಗಿರಲಿಲ್ಲ. ಅವನ್ನು ತೆಗೆದು ಬೇರೆ ಹಾಕುವ ಕೆಲಸ 2003ರಲ್ಲಿ ಶುರುವಾದಾಗ ದೇಶದಲ್ಲಿ ಬದಲಿಸಬೇಕಾದವು ಸುಮಾರು 1 ಲಕ್ಷ 86 ಸಾವಿರ. ಆಮೇಲೆ ಡಬ್ಲ್ಯುಎಲ್‌ಎಲ್ ಎಂಬ ತಂತಿಯಿಲ್ಲದ ಫೋನು ಬಂತು. ಅದರಲ್ಲೊಂದು ಬಗೆಯನ್ನು ಮದ್ರಾಸಿನ ಐಐಟಿಯ ಪ್ರೊಫೆಸರ್ ಅಶೋಕ್ ಝುನ್‌ಝುನ್‌ವಾಲಾ ಅವರ ತಂಡ ನಮ್ಮ ದೇಶಕ್ಕೆಂದೇ ಕಡಿಮೆ ಖರ್ಚಿನಲ್ಲಿ ರೂಪಿಸಿತ್ತು. ಅದೂ ಬಹಳ ದಿನ ಬಾಳಲಿಲ್ಲ. ಮೊಬೈಲು ಎಲ್ಲವನ್ನೂ ನುಂಗಿತು.

ಈಗ ಮಾಳಿಗೆಗೆ ಬರೋಣ. ನಾನಿರುವುದು ಶಹಾಪುರದಲ್ಲಿ. ಶಾಲೆ ಇರುವುದು ಶಹಾಪುರ, ಸುರಪುರಗಳ ನಡುವಿನ ಒಂದು ಹಳ್ಳಿಯಲ್ಲಿ, ಗುಡ್ಡದ ಮರೆಗೆ. ರೇಡಿಯೋ ಅಲೆಗೆ ಬಂಡೆಗಲ್ಲು ಆಗದು. ಕಣ್ಣಿಗೆ ಕಾಣುವಂತೆ ಎದುರುಬದುರು ಇದ್ದರೆ ಒಳ್ಳೆಯದು. 1840ರ ದಶಕದಲ್ಲಿ ಸುರಪುರಕ್ಕೆ ಬಂದ ಇಂಗ್ಲಿಷ್ ಅಧಿಕಾರಿ ಮೆಡೋಸ್ ಟೇಲರ್ ತನ್ನ ಬಂಗಲೆಯನ್ನು ಗುಡ್ಡದ ಎತ್ತರದಲ್ಲಿ ಕಟ್ಟಿಸಿಕೊಂಡ. ಅದೇ ಈಗಿನ ಟೇಲರ್ ಮಂಜಿಲ್. ಇಂದು ಅವನಿದ್ದಿದ್ದರೆ ಸಿಗ್ನಲ್ಲಿಗೆ ತೊಂದರೆ ಇರುತ್ತಿರಲಿಲ್ಲ. ನಮ್ಮ ಶಾಲೆ ಕಟ್ಟಿದವರು ತಗ್ಗಿನಲ್ಲಿ ಕಟ್ಟಿದರು. ಮೊಬೈಲು ಹಿಡಿದು ಮೂಲೆ ಮೂಲೆ ತಿರುಗಿದರೂ ಒಂದು ಗೆರೆ ಮೂಡಿದರೆ ಪುಣ್ಯ.

2020ರಲ್ಲಿ ಕೊರೊನಾದಿಂದ ಶಾಲೆ ಮುಚ್ಚಿದಾಗ ನಮ್ಮ ಗಣಿತದ ಸರ್ ಒಂದು ಉಪಾಯ ಮಾಡಿದರು. ದೂರದ ಒಂದು ಎತ್ತರದ ಕಟ್ಟಡದಿಂದ ನೆಟ್ಟು ಕೊಡುವವರನ್ನು ಹಿಡಿದು, ದಾನಿಗಳಿಂದ ಹಣ ಕೂಡಿಸಿ, ಮಾಳಿಗೆಯ ಪೈಪಿಗೆ ಅಂಗೈ ಅಗಲದ ಒಂದು ಬಿಳಿಯ ರೇಡಿಯೋ ಕಟ್ಟಿಸಿದರು. ಅದು ಆ ಕಟ್ಟಡದ ಕಡೆ ಮುಖಮಾಡಿ ನೆಟ್ಟು ಹಿಡಿಯುತ್ತಿತ್ತು. ಒಳಗಿನ ಇನ್ನೊಂದು ಪೆಟ್ಟಿಗೆ ಅದನ್ನು ಅಂಗಳಕ್ಕೆ ಹಂಚುತ್ತಿತ್ತು. ಮಕ್ಕಳು ಅಂಗಳದ ಬೇವಿನ ಮರದ ಕೆಳಗೆ ದೂರದೂರ ಕೂತು ಪಾಠ ಇಳಿಸಿಕೊಳ್ಳುತ್ತಿದ್ದರು. ಹಾಗಾಗಿ ಸರ್ ಆ ವೈಫೈಗೆ 'ಬೇವಿನಮರ' ಎಂದೇ ಹೆಸರಿಟ್ಟರು. 2021ರ ಮೇ ತಿಂಗಳಲ್ಲಿ, ಎರಡನೆಯ ಅಲೆಯಲ್ಲಿ, ಸರ್ ತೀರಿಕೊಂಡರು. ನಲವತ್ತೊಂದು ವಯಸ್ಸು.

ಬೇವಿನಮರ ಮಾತ್ರ ನಡೆಯುತ್ತಲೇ ಇತ್ತು. ಅದು ಹೇಗೆ ನಡೆಯುತ್ತದೆ ಎಂದು ನಾವ್ಯಾರೂ ಕೇಳಲಿಲ್ಲ. ನಡೆಯುವುದನ್ನು ಯಾರು ಕೇಳುತ್ತಾರೆ? 2022ರ ಮಳೆಗಾಲದ ಕೊನೆಗೆ ಒಂದು ರಾತ್ರಿ ಗುಡುಗು ಸಿಡಿಲಾಗಿ, ಬೆಳಿಗ್ಗೆ ನೆಟ್ಟು ಇರಲಿಲ್ಲ. ಎಸ್ಸೆಸ್ಸೆಲ್ಸಿ ಮಕ್ಕಳ ಹೆಸರು ತಿದ್ದಲು ನಮಗೆ ಉಳಿದದ್ದು ಎರಡೇ ದಿನ. ಹೆಚ್ಚಿನವರದನ್ನು ಮುಗಿಸಿದ್ದೆವು. ಒಬ್ಬ ಹುಡುಗಿಯದು ಉಳಿದಿತ್ತು. ಅವಳ ತಂದೆಯ ಹೆಸರು ಶಾಲೆಯ ದಾಖಲೆಯಲ್ಲಿ ಒಂದು, ಜಾತಿ ಪ್ರಮಾಣಪತ್ರದಲ್ಲಿ ಇನ್ನೊಂದು. ಹಾಗೇ ಬಿಟ್ಟರೆ ಮುಂದೆ ಹಾಸ್ಟೆಲ್ಲು, ವಿದ್ಯಾರ್ಥಿವೇತನ ಎಲ್ಲಕ್ಕೂ ಅಡ್ಡಿ. ಹಾಸ್ಟೆಲ್ಲು ಸಿಗದಿದ್ದರೆ ಮದುವೆ ಎಂದು ಅವರ ಮನೆಯಲ್ಲಿ ಆಗಲೇ ಮಾತಾಗಿತ್ತು. ಶಹಾಪುರದ ಸೈಬರ್ ಅಂಗಡಿಯಲ್ಲಿ ಮಾಡಬಹುದಿತ್ತು ನಿಜ. ಆದರೆ ಸಹಿ, ದಾಖಲೆ ಪುಸ್ತಕ, ಮುಖ್ಯೋಪಾಧ್ಯಾಯರ ಫೋನಿಗೆ ಬರುವ ಗುಪ್ತ ಸಂಖ್ಯೆ ಎಲ್ಲವನ್ನೂ ಹೊತ್ತು ಹೋಗಿ ಒಂದು ದಿನವಿಡೀ ಕೂತು ಬಂದೆವು, ಆಗಲಿಲ್ಲ. ಉಳಿದದ್ದು ಒಂದು ದಿನ.

ಶಹಾಪುರದಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟಿರುವ ನನ್ನ ಹಳೆಯ ವಿದ್ಯಾರ್ಥಿಗೆ ಬೆಳಿಗ್ಗೆಯೇ ಫೋನು ಮಾಡಿದೆ. "ಮೇಡಂ, ನಾ ಬರೂದು ಹನ್ನೊಂದಾಗ್ತದ. ಅಲ್ಲೀತನ ಒಂದು ಕೆಲಸ ಮಾಡ್ರಿ. ಪೆಟ್ಟಿಗಿ ಕೆಳಗ ಒಂದು ಸಣ್ಣ ತೂತು ಅದ ನೋಡ್ರಿ. ಗುಂಡುಪಿನ್ನು ಹಾಕಿ ಹತ್ತು ಎಣಸೂತನ ಒತ್ತಿ ಹಿಡೀರಿ" ಎಂದ. ಚಾಳೀಸು ಏರಿಸಿಕೊಂಡು ತೂತು ಹುಡುಕಿ ಒತ್ತಿದೆ. ದೀಪಗಳೆಲ್ಲ ಒಮ್ಮೆ ಆರಿ ಮತ್ತೆ ಹೊತ್ತಿದವು. ನನಗೋ ಗೆದ್ದ ಖುಷಿ. ಆಮೇಲೆ ತಿಳಿಯಿತು ನಾನೇನು ಮಾಡಿದ್ದೆ ಎಂದು.

ಇಂಥ ಪೆಟ್ಟಿಗೆಗೆ ಎರಡು ಬಗೆಯ ನೆನಪು ಇರುತ್ತದೆ. ಒಂದು, ಕಾರ್ಖಾನೆಯಲ್ಲಿ ತುಂಬಿದ್ದು: ಹೇಗೆ ಏಳಬೇಕು, ಹೇಗೆ ಮಾತಾಡಬೇಕು ಎಂಬ ಮೂಲ ವಿದ್ಯೆ. ಇನ್ನೊಂದು, ತಂದುಕೊಂಡವರು ಹೇಳಿಕೊಟ್ಟದ್ದು: ನಿನ್ನ ಹೆಸರು ಇದು, ಎದುರಿನವನ ಹೆಸರು ಅದು, ಗುಟ್ಟಿನ ಮಾತು ಇದು, ನಿನ್ನ ಮನೆಯ ನಂಬರು ಇಷ್ಟು. ತವರಿನಿಂದ ತಂದ ಗುಣ ಮತ್ತು ಗಂಡನ ಮನೆಯಲ್ಲಿ ಕಲಿತ ರೀತಿ ಎನ್ನೋಣ. ಆ ತೂತಿನ ಗುಂಡಿ ಎರಡನೆಯದನ್ನು ಮಾತ್ರ ಅಳಿಸುತ್ತದೆ. ಪೆಟ್ಟಿಗೆ ಮದುವೆಯಾಗಿ ಬಂದ ದಿನದ ಸೊಸೆಯಂತಾಗಿ ನಿಲ್ಲುತ್ತದೆ. (ಇಂಥದೊಂದು ಗುಂಡಿ ಸೊಸೆಯಂದಿರಿಗೂ ಇದ್ದರೆ ಎಂದು ಬಯಸುವ ಅತ್ತೆಯರನ್ನು ನಾನು ಬಲ್ಲೆ. ಅತ್ತೆಯರಿಗೆ ಇದ್ದರೆ ಎನ್ನುವ ಸೊಸೆಯರನ್ನೂ.) ಒಂದು ಮಾದರಿಯ ಎಷ್ಟೋ ಪೆಟ್ಟಿಗೆಗಳಿಗೆ ಕಾರ್ಖಾನೆಯವರು ಇಡುವ ಹೆಸರು, ಗುಟ್ಟಿನ ಮಾತು ಒಂದೇ. ಅದನ್ನು ಬದಲಿಸದೆ ಬಿಟ್ಟವರ ಕ್ಯಾಮೆರಾ, ರೂಟರುಗಳನ್ನೇ ಹಿಡಿದು 2016ರಲ್ಲಿ ಮಿರಾಯ್ ಎಂಬ ದುಷ್ಟ ತಂತ್ರಾಂಶ ಅಮೆರಿಕದ ದೊಡ್ಡ ದೊಡ್ಡ ತಾಣಗಳನ್ನು ತಾಸುಗಟ್ಟಲೆ ಮುಗ್ಗರಿಸಿತ್ತು. ನಮ್ಮ ಸರ್ ಬದಲಿಸಿದ್ದರು, ಜಾಣರು. ನಾನು ಅವರು ಇಟ್ಟದ್ದನ್ನೆಲ್ಲ ಒಂದು ಗುಂಡುಪಿನ್ನಿನಿಂದ ಒರೆಸಿಹಾಕಿದ್ದೆ. ಆ ರಿಪೇರಿಯವನು ಗಾಜು ಒರೆಸಿದಂತೆ.

"ಸುದ್ದಾತೇನು?" ಎಂದರು ಮುಖ್ಯೋಪಾಧ್ಯಾಯರು ಕೆಳಗಿನಿಂದ.

"ಸುದ್ದಾಗ್ಯಾದ್ರಿ ಸರ್, ಆದ್ರ ಮಾತಾಡವಲ್ದು" ಎಂದೆ.

ಹುಡುಗ ಬಂದ. ಸಿಡಿಲಿಗೆ ಪೆಟ್ಟಿಗೆಯ ತಲೆ ಸ್ವಲ್ಪ ಕೆಟ್ಟಿದೆ, ಮೂಲ ವಿದ್ಯೆಯನ್ನೇ ಮತ್ತೆ ತುಂಬುತ್ತೇನೆ ಎಂದು ಕೂತ. ಅರ್ಧ ತುಂಬುವಾಗ ಕರೆಂಟು ಹೋಯಿತು. ಬಂದಾಗ ಒಂದೇ ದೀಪ, ಅದೂ ಅಲ್ಲಾಡದೆ ಉರಿಯುತ್ತಿತ್ತು. ಇನ್ನು ಇದು ಕಲ್ಲು ಎಂದುಕೊಂಡೆ. ಅವನು ಹೆದರಲಿಲ್ಲ. ಆಫೀಸಿನ ಯುಪಿಎಸ್ ತರಿಸಿದ. ಮಾಳಿಗೆಯ ಪೆಟ್ಟಿಗೆಗೆ ಕರೆಂಟೂ ಮಾತೂ ಒಂದೇ ವೈರಿನಲ್ಲಿ ಹೋಗುತ್ತವೆ. ಆ ವೈರು ಕಿತ್ತು, ನನ್ನ ಕೈಯಲ್ಲಿ ಪಿನ್ನು ಕೊಟ್ಟು, "ಮೇಡಂ, ಒತ್ತಿ ಹಿಡೀರಿ, ಬಿಡಬ್ಯಾಡ್ರಿ" ಎಂದು, ನಾನು ಒತ್ತಿರುವಾಗಲೇ ವೈರು ಕೂಡಿಸಿದ. ಹೀಗೆ ಒತ್ತಿಕೊಂಡೇ ಎಬ್ಬಿಸಿದರೆ ಪೆಟ್ಟಿಗೆ ಪೂರ್ತಿ ಏಳದೆ ಅರೆನಿದ್ದೆಯಲ್ಲಿ ನಿಂತು, ಯಾರಾದರೂ ವಿದ್ಯೆ ಕೊಡುತ್ತಾರೋ ಎಂದು ಕಾಯುತ್ತದಂತೆ. ಸ್ವಲ್ಪ ಹೊತ್ತಿಗೆ ದೀಪಗಳು ಎರಡೆರಡಾಗಿ ಹುಡುಗಿಯರು ಫುಗಡಿ ಆಡಿದಂತೆ ಆಚೆ ಈಚೆ ಮಿನುಗತೊಡಗಿದವು. "ಈಗ ಬಿಡ್ರಿ" ಎಂದ. ಲ್ಯಾಪ್‌ಟಾಪಿನಿಂದ ಒಂದು ಫೈಲು ಕಳಿಸಿದ. ಐದು ನಿಮಿಷ ಯಾರೂ ಏನನ್ನೂ ಮುಟ್ಟಬಾರದು ಎಂದ. ನಾವು ಮುಟ್ಟಲಿಲ್ಲ, ಮಾತೂ ಆಡಲಿಲ್ಲ. ಪೆಟ್ಟಿಗೆ ಎದ್ದಿತು.

ಎದ್ದಿತು, ಆದರೆ ಅದಕ್ಕೆ ಯಾರ ಹೆಸರೂ ಗೊತ್ತಿರಲಿಲ್ಲ. ಎದುರಿನ ಕಟ್ಟಡದ ರೇಡಿಯೋದ ಹೆಸರು, ಗುಟ್ಟಿನ ಮಾತು, ನಮಗೆ ಕೊಟ್ಟ ನಂಬರು ಬೇಕಿತ್ತು. ಅಲ್ಲಿಗೆ ಫೋನು ಮಾಡಿದರೆ ಹಳಬರು ಬಿಟ್ಟು ಹೋಗಿದ್ದರು. ಹೊಸ ಹುಡುಗ "ನಾಳೆ ನೋಡ್ತೀನ್ರಿ" ಎಂದ. ಸರ್ ಅವರ ಹೆಂಡತಿಗೆ ಫೋನು ಮಾಡಲೇ ಎಂದು ಒಂದು ಸಲ ಕೈಗೆತ್ತಿಕೊಂಡು ಕೆಳಗಿಟ್ಟೆ. ಏನೆಂದು ಕೇಳುವುದು? ಗಂಟೆ ಮೂರಾಗಿತ್ತು. ಆ ಹುಡುಗಿ ವರಾಂಡದ ಕಂಬಕ್ಕೆ ಒರಗಿ ಕೂತಿದ್ದಳು, ಏನನ್ನೂ ಕೇಳದೆ.

ಬಿಸಿಯೂಟದ ಪಾತ್ರೆ ತೊಳೆದು ಮುಗಿಸಿದ ಅಡುಗೆಯಕ್ಕ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಮೆಟ್ಟಿಲ ಹತ್ತಿರ ಬಂದಳು. "ಟೀಚರ್ರಿ, ಏನ್ ಹುಡಕಾಕ್ಹತ್ತೀರಿ?"

"ಸರ್ ಬರದಿಟ್ಟದ್ದು ಏನರ ಸಿಗ್ತದೇನಂತ ನೋಡ್ಲಿಕ್ಕೆ ಹತ್ತೀವಿ ಯವ್ವಾ. ಎಲ್ಲೂ ಇಲ್ಲ."

"ಸರ್ ಬರದದ್ದು ಐತಲ್ಲರಿ!" ಎಂದಳು, ನಮ್ಮ ದಡ್ಡತನಕ್ಕೆ ಬೆರಗಾದವಳಂತೆ.

ಮಾಳಿಗೆಗೆ ಹೋಗುವ ಮೆಟ್ಟಿಲ ಕೋಣೆಯಲ್ಲಿ ಮುರಿದ ಬೆಂಚುಗಳ ಹಿಂದೆ ಕರೆದೊಯ್ದಳು. ಪ್ರತಿ ವರ್ಷ ಸ್ವಾತಂತ್ರ್ಯ ದಿನಕ್ಕೆ ಸುಣ್ಣ ಹಚ್ಚುವವಳು ಅವಳೇ. ಗೋಡೆಯೆಲ್ಲ ಬೆಳ್ಳಗಿತ್ತು. ನಡುವೆ ಒಂದು ಮೊಳದಷ್ಟು ಜಾಗ ಮಾತ್ರ ಹಳದಿಯಾಗಿ, ಸುತ್ತಲೂ ಕುಂಚ ತಿರುಗಿಸಿ ಬಿಟ್ಟ ಗುರುತು. ಅದರೊಳಗೆ ಪೆನ್ಸಿಲಿನಲ್ಲಿ ಸರ್ ಅವರ ದುಂಡನೆಯ ಅಕ್ಷರ. ತಾರೀಖು. ಎದುರಿನ ರೇಡಿಯೋದ ಹೆಸರು. ಗುಟ್ಟಿನ ಮಾತು. ನಮ್ಮ ನಂಬರು, ಅವರ ನಂಬರು. ಪೆಟ್ಟಿಗೆಯ ಮುಖ ಯಾವ ಗುಡ್ಡದ ಎಡಕ್ಕೆ ಎಂಬ ಸಣ್ಣ ಚಿತ್ರ. ಕೊನೆಗೆ ಕನ್ನಡದಲ್ಲಿ: ಬೇವಿನಮರ.

"ನನಗ ಓದಾಕ ಬರಂಗಿಲ್ಲರಿ" ಎಂದಳು ಅಡುಗೆಯಕ್ಕ. "ಆದ್ರ ಸತ್ತವರ ಕೈ ಬರಹ ಅದು. ಹ್ಯಾಂಗ ಅಳಸೂದು?"

ಹುಡುಗ ಒಂದೊಂದೇ ಓದುತ್ತ ಲ್ಯಾಪ್‌ಟಾಪಿನಲ್ಲಿ ತುಂಬಿದ. ಎದುರಿನವರು ಏನನ್ನೂ ಬದಲಿಸಿರಲಿಲ್ಲ. ನಮ್ಮ ಅದೃಷ್ಟ ಅದು. ಬದಲಿಸಬೇಕಿತ್ತು ಎಂದು ಅವನೇ ಗೊಣಗಿದ. ಒಳಗಿನ ಪೆಟ್ಟಿಗೆಯೂ ಸಿಡಿಲಿಗೆ ಎಲ್ಲ ಮರೆತಿತ್ತು. ಅದಕ್ಕೆ ಹೆಸರಿಡುವಾಗ "ಏನಂತ ಹಾಕ್ಲಿ ಮೇಡಂ, ಶಾಲಿ ಹೆಸರು ಹಾಕ್ಲೇನು?" ಎಂದ. ಲ್ಯಾಪ್‌ಟಾಪು ನನ್ನ ಕಡೆ ತಿರುಗಿಸಿಕೊಂಡು ಒಂದೊಂದೇ ಅಕ್ಷರ ನಾನೇ ಹೊಡೆದೆ. ನಾಲ್ಕು ಗಂಟೆ ನಲವತ್ತು ನಿಮಿಷಕ್ಕೆ ಆ ಹುಡುಗಿಯ ತಂದೆಯ ಹೆಸರು ತಿದ್ದಿ ಮುಗಿಯಿತು. ಅವಳು ಪರದೆಯ ಮೇಲೆ ತನ್ನ ಹೆಸರನ್ನು ಎರಡು ಸಲ ಓದಿಕೊಂಡು, ಬ್ಯಾಗು ಹೆಗಲಿಗೇರಿಸಿ ಹೋದಳು. ಈಗ ಕಲಬುರಗಿಯಲ್ಲಿ ಹಾಸ್ಟೆಲ್ಲಿನಲ್ಲಿದ್ದು ಓದುತ್ತಿದ್ದಾಳೆ.

ಅಂದೇ ಗೋಡೆಯ ಬರಹವನ್ನು ಶಾಲೆಯ ದಾಸ್ತಾನು ಪುಸ್ತಕದ ಕೊನೆಯ ಹಾಳೆಗೆ ಇಳಿಸಿ, ತಾರೀಖು ಹಾಕಿ, ಮುಖ್ಯೋಪಾಧ್ಯಾಯರ ಸಹಿ ಮಾಡಿಸಿದೆ. ಗುಟ್ಟಿನ ಮಾತನ್ನು ಆಮೇಲೆ ಬದಲಿಸಿದೆವು. ಹೊಸದನ್ನೂ ಅಲ್ಲೇ ಬರೆದು ಬೀರುವಿನಲ್ಲಿಟ್ಟಿದ್ದೇನೆ. ಮುಂದಿನ ಆಗಸ್ಟಿನಲ್ಲಿ ಅಡುಗೆಯಕ್ಕ ಸುಣ್ಣದ ಬಕೆಟ್ಟು ಹಿಡಿದು ಬಂದು ನನ್ನನ್ನೇ ಕೇಳಿದಳು:

"ಟೀಚರ್ರಿ, ಎಲ್ಲಾ ಬುಕ್ಕಿನ್ಯಾಗ ಬರಕೊಂಡೀರಂತಲ್ಲ. ಇನ್ನ ಅಲ್ಲೀನೂ ಹಚ್ಚಲೇನು?"

"ಬ್ಯಾಡ ಯವ್ವಾ" ಎಂದೆ. "ಅದು ಇರಲಿ."